ಬಟ್ಟೆ ಒಣಗುವ ಹೊತ್ತು

ಈ ದಿನ ಬೆಳಿಗ್ಗೆ ಬೀರುವಿನ ಬಾಗಿಲು ತೆಗೆದಾಗ ಹೊಳೆಯ ವಾಸನೆ ಬಂತು. ನಿಮಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ನನ್ನ ಬೀರುವನ್ನು ಬಲ್ಲವರಿಗೆ ಮಾತ್ರ ಇದು ಸುದ್ದಿ. ಸಿದ್ದಾಪುರ, ಯಲ್ಲಾಪುರ, ಕೊನೆಗೆ ಶಿರಸಿ ಎಂದು ಇಡೀ ನೌಕರಿಯನ್ನು ಆಸ್ಪತ್ರೆಗಳಲ್ಲಿ ಕಳೆದು, ವಾರ್ಡ್ ಸಿಸ್ಟರಾಗಿ ನಿವೃತ್ತಳಾದವಳ ಬೀರು ಅದು. ಸೀರೆಗಳೆಲ್ಲ ಒಂದೇ ಅಳತೆಯ ಮಡಿಕೆಯಲ್ಲಿ, ಅಂಚನ್ನು ಒಂದೇ ದಿಕ್ಕಿಗೆ ಮಾಡಿ ಕೂತಿರುತ್ತವೆ. ನುಸಿಗುಳಿಗೆಯ ವಾಸನೆ ಬಿಟ್ಟರೆ ಬೇರೆ ಯಾವುದಕ್ಕೂ ಅಲ್ಲಿ ಪ್ರವೇಶವಿಲ್ಲ. ಅಂಥ ಬೀರುವಿನ ಎರಡನೆಯ ಖಾನೆಯಿಂದ ಹಸಿಕಲ್ಲು, ಬಿಸಿಲು, ಚೂರು ಪಾಚಿ ಎಲ್ಲ ಕೂಡಿದ ವಾಸನೆ. ನೀಲಿ ಅಂಚಿನ ಕಾಟನ್ ಸೀರೆ, ಕಳೆದ ಗುರುವಾರ ಒಗೆದದ್ದು. ಮೂಗಿಗೆ ಹಿಡಿದುಕೊಂಡು ನಿಂತೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಹಾಗೆ ತಿಳಿಯದೆ ಹೋಗುವುದು ನನ್ನ ಮಟ್ಟಿಗೆ ಹೊಸದು.

ಗಡಿಯಾರದ ಜೊತೆ ನನ್ನ ಸಂಬಂಧ ಹಳೆಯದು. ನರ್ಸಿಂಗ್ ಶಾಲೆಯಲ್ಲಿ ನಮಗೆ ಐದು ಗಂಟೆಗೆ ಗಂಟೆ ಬಾರಿಸುತ್ತಿದ್ದರು. ಐದೂಕಾಲಕ್ಕೆ ಹಾಸಿಗೆಯ ಚಾದರದ ಮೂಲೆಗಳು ಲಕೋಟೆಯಂತೆ ಮಡಚಿರಬೇಕು. ಮಡಿಕೆ ಸರಿಯಿಲ್ಲದಿದ್ದರೆ ಮೇಟ್ರನ್ ಒಂದೇ ಕೈಯಲ್ಲಿ ಚಾದರ ಎಳೆದೆಸೆದು, ಏನೂ ಹೇಳದೆ ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಆ ಮೌನದಲ್ಲಿ ನಾನು ಕಲಿತದ್ದು ಇಡೀ ಬಾಳಿಗೆ ಸಾಕಾಯಿತು. ರೋಗಿಯ ಜ್ವರದ ಪಟ್ಟಿಯಲ್ಲಿ ನಾನು ಒಮ್ಮೆಯೂ ಅಂದಾಜಿನ ಅಂಕಿ ಬರೆದವಳಲ್ಲ. ನೋಡಿದ್ದನ್ನು ಬರೆಯಬೇಕು, ನೋಡದಿದ್ದರೆ ಮತ್ತೆ ನೋಡಬೇಕು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕೊನೆಯಲ್ಲಿ ಇದು ಬೇಕಾಗುತ್ತದೆ.

ನಿವೃತ್ತಿಯಾದ ಮೇಲೆ ಊರಿಗೆ ಬಂದು ನೆಲೆಸಿದೆ. ಶಿರಸಿಯಿಂದ ಮೂಡಣಕ್ಕೆ ಹೋಗುವ ಬಸ್ಸು ಹತ್ತಿದರೆ, ಗುಡ್ಡಗಳು ತಗ್ಗಾಗುತ್ತ ಗದ್ದೆಗಳು ಅಗಲವಾಗುತ್ತ ಬಂದು, ವರದಾ ಹೊಳೆಯ ದಂಡೆಯಲ್ಲಿ ನಮ್ಮೂರು. ಬಹಳ ಹಳೆಯ ಊರು, ಒಂದೇ ಪೇಟೆ ಬೀದಿ. ಬಸ್‌ಸ್ಟ್ಯಾಂಡಿನಿಂದ ಹೊರಟು ಇಳಿಜಾರಿನಲ್ಲಿ ಇಳಿದಿಳಿದು ಹೊಳೆಯ ಮೆಟ್ಟಿಲಿನಲ್ಲಿ ಮುಗಿಯುತ್ತದೆ. ಬೀದಿಯ ಎರಡೂ ಬದಿ ಹಲಗೆ ಬಾಗಿಲಿನ ಅಂಗಡಿಗಳು. ಮುಚ್ಚುವಾಗ ಒಂದೊಂದೇ ಹಲಗೆಯನ್ನು ಹೊಸ್ತಿಲ ತೋಡಿನಲ್ಲಿ ಕೂರಿಸಿ ಸರಿಸಬೇಕು, ಪ್ರತಿ ಹಲಗೆಯ ಮೇಲೂ ಕನ್ನಡದ ಅಂಕಿ. ಏಳನೆಯ ಹಲಗೆ ಆರನೆಯದರ ಜಾಗಕ್ಕೆ ಕೂರುವುದಿಲ್ಲ. ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ನನಗೆ ಬಹಳ ಹಿಡಿಸಿದ್ದ ಸಂಗತಿ ಇದೇ. ಹೊಳೆಯ ದಂಡೆ ಮಾತ್ರ ನನ್ನ ಕಣ್ಣಿಗೆ ಬರೀ ಗದ್ದಲ. ಕೊಡ ತುಂಬುವವರು, ಮೀಯುವವರು, ಬಟ್ಟೆ ಒಗೆಯುವವರು, ಎಮ್ಮೆ ತೊಳೆಯುವವರು, ಎಲ್ಲರೂ ಒಂದೇ ನೀರಿಗೆ.

ಮೂರು ವರ್ಷದ ಹಿಂದೆ ಹಳೇ ಪೇಟೆಯನ್ನೂ ಹೊಳೆದಂಡೆಯನ್ನೂ ಸುಧಾರಿಸುವ ಯೋಜನೆ ಬಂತು. ಊರಿನವರದೊಂದು ಸಮಿತಿಯಾಯಿತು. ಶಿಸ್ತಿನ ಹೆಂಗಸು ಎಂದು ನನ್ನನ್ನೂ ಸೇರಿಸಿದರು. ನಾನು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ, ಬೇಡವೆನ್ನಲು ಯಾರಾದರೂ ಅವಕಾಶ ಕೊಟ್ಟುಬಿಟ್ಟಾರೆಂದು ಹೆದರಿದ್ದೆ. ಅಂಗಡಿಗಳಿಗೆಲ್ಲ ಕಬ್ಬಿಣದ ಶಟರ್ ಹಾಕಿಸುವ ಮಾತು ಬಂದಾಗ, ಅಂಕಿ ಬರೆದ ಹಲಗೆಗಳನ್ನು ಮುಟ್ಟಕೂಡದೆಂದು ಪಟ್ಟು ಹಿಡಿದು ಗೆದ್ದೆ. ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಮಾಡಿದ್ದನ್ನು ಕೇಳಿ.

ಮೆಟ್ಟಿಲುಗಳನ್ನು ಹೊಸದಾಗಿ ಕಟ್ಟಿದರು. ದೀಪದ ಕಂಬ, ಕುಳಿತುಕೊಳ್ಳಲು ಬೆಂಚು, ಒಂದು ಸಣ್ಣ ತೋಟ ಬಂದವು. ನೀರಂಚಿನಲ್ಲಿದ್ದ ಒಗೆಯುವ ಕಲ್ಲುಗಳು ಅಡ್ಡಾದಿಡ್ಡಿ ಬಿದ್ದುಕೊಂಡು ಅಸಹ್ಯವಾಗಿ ಕಾಣುತ್ತವೆಂದು ಜೆಸಿಬಿಯಿಂದ ಎತ್ತಿಸಿ, ತೋಟದ ಸುತ್ತ ಸಾಲಾಗಿ ಇಟ್ಟು ಬಿಳಿ ಬಣ್ಣ ಬಳಿಸಿದೆವು. ಸಾಲಾಗಿ ಇಡಿಸಿದವಳು ನಾನು, ದಾರ ಹಿಡಿದು. ಕೊನೆಯಲ್ಲೊಂದು ಬೋರ್ಡು. ಒಂಬತ್ತು ನಿಯಮಗಳು, ಬರೆದುಕೊಟ್ಟವಳೂ ನಾನೇ. ಎರಡನೆಯದು: ಇಲ್ಲಿ ಬಟ್ಟೆ ಒಗೆಯಬಾರದು. ಮೂರನೆಯದು: ಮೆಟ್ಟಿಲ ಮೇಲೆ ಬಟ್ಟೆ ಹರವಬಾರದು. ಒಂಬತ್ತನೆಯದು ಏನೆಂದು ಈಗ ನೆನಪಿಲ್ಲ. ಎಂಟು ಸಾಕಿತ್ತು, ಒಂದು ಸಾಲು ಜಾಗ ಉಳಿದಿತ್ತೆಂದು ಸೇರಿಸಿದ್ದೆ.

ಮುಗಿದ ದಿನ ಫೋಟೋ ತೆಗೆದರು. ಎಷ್ಟು ಚೆಂದವಿತ್ತೆಂದರೆ, ನಾನು ಮನೆಗೆ ಬಂದು ಮತ್ತೊಮ್ಮೆ ನೋಡಲು ಹೋದೆ.

ಪೇಟೆ ಬೀದಿಯ ಕೊನೆಯಲ್ಲಿ, ಮೆಟ್ಟಿಲಿಗೆ ತಾಗಿದಂತೆ ಬಸಣ್ಣನ ಚಹಾದಂಗಡಿ. ಚಹಾ, ಮಂಡಕ್ಕಿ, ಮಿರ್ಚಿ. ಅವನ ಅಪ್ಪನ ಕಾಲದಿಂದಲೂ ಅಷ್ಟೇ. ಬೀದಿ ಸುಧಾರಿಸಿದರೆ ಮೊದಲು ಏಳಿಗೆಯಾಗುವುದು ಅವನದೇ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆರು ತಿಂಗಳು ಕಳೆದ ಮೇಲೆ ಒಂದು ದಿನ ಚಹಾ ಕೊಡುತ್ತ, ಯುಗಾದಿ ಕಳೆದ ಮೇಲೆ ಹಲಗೆ ಹಾಕಿಬಿಡುತ್ತೇನೆ, ಮತ್ತೆ ತೆಗೆಯುವುದಿಲ್ಲ, ಹಾವೇರಿಯಲ್ಲಿ ಅಳಿಯನ ಹೋಟೆಲಿಗೆ ಹೋಗುತ್ತೇನೆ ಎಂದ. ಮೊದಲೆಲ್ಲ ಬೆಳಿಗ್ಗೆ ಹತ್ತು ಗಂಟೆಯೊಳಗೆ ಎರಡು ಸಲ ಹಾಲು ಕಾಯಿಸುತ್ತಿದ್ದವನಿಗೆ ಈಗ ಒಂದು ಸಲದ್ದೂ ಖರ್ಚಾಗುವುದಿಲ್ಲವಂತೆ. ಬಳೆ ಅಂಗಡಿಯವನೂ ಗಿರಣಿಯವನೂ ಇದೇ ಹಾಡು ಹಾಡುತ್ತಿದ್ದಾರೆ ಎಂದೂ ಸೇರಿಸಿದ.

ನನಗೆ ನಂಬಿಕೆ ಬರಲಿಲ್ಲ. ರೋಗ ಏನೆಂದು ತಿಳಿಯದಿದ್ದರೆ ಪಟ್ಟಿ ಇಡಬೇಕು. ಮೂರು ದಿನ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನೋಟುಬುಕ್ಕು ಹಿಡಿದು ನಮ್ಮ ಹೊಸ ಬೆಂಚಿನ ಮೇಲೆ ಕುಳಿತು, ಹೊಳೆಗೆ ಬಂದವರನ್ನೆಲ್ಲ ಗಂಟೆವಾರು ಗುರುತು ಹಾಕಿಕೊಂಡೆ. ಮೂರು ದಿನದ್ದು ಒಟ್ಟು: ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಲು ಬಂದ ಎರಡು ಜೋಡಿ, ದಾರಿ ತಪ್ಪಿದ ಒಬ್ಬ ಇನ್ಶೂರೆನ್ಸ್ ಏಜೆಂಟ್, ನಾಲ್ಕು ಆಡು. ಆಡುಗಳು ಮೂರೂ ದಿನ ಬಂದಿದ್ದವು.

ಮೂರನೆಯ ದಿನ ನೀಲವ್ವ ಹೊಳೆಯಾಚೆಯಿಂದ ಸೇತುವೆ ದಾಟಿ ಬರುತ್ತಿದ್ದವಳು ನನ್ನನ್ನು ಕಂಡು ನಿಂತಳು. ಕನ್ನಡ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಆಚೆ ದಂಡೆಯ ಗದ್ದೆಯವಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಳು, ಬಾಯಿಯ ಚುರುಕು ಬಿಡಲಿಲ್ಲ. ಮೆಟ್ಟಿಲನ್ನೂ ಬೋರ್ಡನ್ನೂ ನನ್ನ ನೋಟುಬುಕ್ಕನ್ನೂ ನಿಧಾನಕ್ಕೆ ನೋಡಿದಳು.

“ಏನವಾ ಸಿಸ್ಟರ, ನಿನ್ನ ವಾರ್ಡು ಬಾಳ ಸ್ವಚ್ಛ ಆಗೇತಿ. ಪೇಷಂಟ್ ಅಷ್ಟ ಒಬ್ರೂ ಇಲ್ಲ.”

ಅಷ್ಟು ಹೇಳಿ ಬಸ್ಸಿಗೆ ಹೊರಟಳು. ನಾನು ನೋಟುಬುಕ್ಕು ಮುಚ್ಚಿ ಬಸಣ್ಣನ ಅಂಗಡಿಗೆ ಹತ್ತಿ ಹೋದೆ. ನಿನ್ನ ಗಿರಾಕಿಗಳು ಯಾರಿದ್ದರು, ಯಾವ ಹೊತ್ತಿಗೆ ಬರುತ್ತಿದ್ದರು, ಸರಿಯಾಗಿ ಹೇಳು ಎಂದು ಕೇಳಿದೆ. ಅವನು ಗಲ್ಲಾಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ಹೇಳಿದ.

“ಅರಿವಿ ಒಣಗೂ ಹೊತ್ತು ಅಕ್ಕಾರ, ಅದು. ಒಗದು, ಮೆಟ್ಟಲ ಮ್ಯಾಲೆ ಹರವಿ, ಮ್ಯಾಲೆ ಬರ್ತಿದ್ರು. ಒಣಗೂತನಕಾ ಹೆಣ್ಮಕ್ಕಳು ಏನ್ ಮಾಡ್ಬೇಕ್ರಿ? ಗಿರಣಿಗೆ ಜ್ವಾಳ ಇಟ್ಟು, ಬಳಿ ನೋಡಿ, ಚಹಾ ಕುಡದು, ಮಾತಾಡಿ, ತಿರುಗಿ ಇಳಿತಿದ್ರು. ಈಗ ಒಣಗಾಕ ಏನೂ ಇಲ್ಲ. ಬರಾಕ ಯಾರೂ ಇಲ್ಲ.”

ಎಷ್ಟು ಸರಳವಾದ ಮಾತು. ನಮ್ಮ ಇಡೀ ಪೇಟೆ ನಿಂತದ್ದು ಒದ್ದೆ ಬಟ್ಟೆಯ ಮೇಲೆ, ಅದು ಒಣಗಲು ಬೇಕಾದ ಎರಡು ತಾಸಿನ ಮೇಲೆ. ಮನೆಯ ಕೆಲಸದಿಂದ ಆ ಹೆಂಗಸರು ನ್ಯಾಯವಾಗಿ ಕದ್ದುಕೊಂಡ ಎರಡು ತಾಸು ಅದು. ಎಲ್ಲಿ ಹೋಗಿದ್ದೆ ಎಂದು ಯಾರೂ ಕೇಳುವಂತಿಲ್ಲ. ಮನೆಯಲ್ಲಿ ನಲ್ಲಿ ಬಂದ ಮೇಲೂ ಅವರು ಹೊಳೆಗೆ ಬರುತ್ತಿದ್ದುದು ಇದಕ್ಕೇ. ನಾನು ಎರಡು ಸಾಲು ಬರೆದು ಅದನ್ನು ಅಳಿಸಿಹಾಕಿದ್ದೆ. ಪೇಟೆಗೆ ಜೀವ ತುಂಬಲು ಹೋಗಿ ಅದರ ನಾಡಿಯನ್ನೇ ಹಿಡಿದು ಒತ್ತಿದ್ದೆ. ಬಸಣ್ಣ ಹಲಗೆ ಹಾಕಿದರೆ ಅದು ನನ್ನ ಕೈಯಿಂದಲೇ ಹಾಕಿದಂತೆ.

ಅದೇ ಸಂಜೆ ನೀಲವ್ವನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಸಮಿತಿಯ ಅಧ್ಯಕ್ಷರಿಗೆ ಹೇಳಿ ಬೋರ್ಡು ತೆಗೆಸುತ್ತೇನೆ, ನೀವೆಲ್ಲ ಬನ್ನಿ ಎಂದೆ. ಅವಳು ತಲೆ ಎತ್ತಲಿಲ್ಲ.

“ಬೋರ್ಡ್ ಬರದಾಕಿ ನೀನ. ತಗಿಯಾಕಿನೂ ನೀನ ಆಗಬೇಕು. ಮತ್ತ ನಮ್ಮ ಕಲ್ಲು ನಮಗ ತಿರುಗಿ ಬೇಕು. ಬಣ್ಣ ಕೆರದು ಕೊಡು.”

ಸಮಿತಿಯ ಸಭೆ ಸಣ್ಣದಾಗೇನೂ ಮುಗಿಯಲಿಲ್ಲ. ದೂರದಿಂದ ಬರುವವರು ಮೆಟ್ಟಿಲ ಮೇಲೆ ಲಂಗ, ಚಾದರ ನೋಡಿದರೆ ಊರಿನ ಮರ್ಯಾದೆ ಏನಾದೀತು ಎಂದು ಅಧ್ಯಕ್ಷರು ಕೇಳಿದರು. ನಾನು ಮೂರು ದಿನದ ಪಟ್ಟಿಯನ್ನು ಓದಿದೆ, ಆಡುಗಳನ್ನೂ ಬಿಡದೆ. ಆಡುಗಳಿಗೆ ಎಲ್ಲರೂ ನಕ್ಕರು, ನಕ್ಕ ಮೇಲೆ ಗಟ್ಟಿಯಾಗಿ ವಿರೋಧಿಸುವುದು ಯಾರಿಗೂ ಸುಲಭವಾಗಲಿಲ್ಲ. ಸಾಬೂನು ಪುಡಿ ತರಬಾರದು, ಬಾರ್ ಸಾಬೂನು ಮಾತ್ರ ಎಂಬುದೊಂದನ್ನು ಹೆಂಗಸರ ಹತ್ತಿರವೇ ಮಾತಾಡಿ ಒಪ್ಪಿಸುತ್ತೇನೆ ಎಂದೆ. ಮುಂದಿನ ವಾರ ಸ್ಟೂಲು ಹತ್ತಿ, ನಾನೇ ಕುಂಚ ಹಿಡಿದು ಬೋರ್ಡಿನ ಎರಡನೆಯ, ಮೂರನೆಯ ನಿಯಮಗಳ ಮೇಲೆ ಬಣ್ಣ ಬಳಿದೆ. ಬಣ್ಣ ಕೆಳಕ್ಕಿಳಿದು ನಾಲ್ಕೂ ಐದೂ ಹೋದವು. ಬೀದಿಯಿಂದ ನೋಡುತ್ತಿದ್ದ ಬಸಣ್ಣ, ಉಳಿದದ್ದು ಯಾಕೆ ಇರಬೇಕು ಅಕ್ಕಾರ ಎಂದ. ಪೂರ್ತಿ ಬಳಿದೆ.

ಕಲ್ಲುಗಳು ಹೊಳೆಗೆ ಮರಳಿದ ದಿನ ನನ್ನ ಬುದ್ಧಿ ಇನ್ನೊಮ್ಮೆ ಕೈಕೊಟ್ಟಿತು. ನೀರಂಚಿಗೆ ಸಮವಾಗಿ, ಒಂದರ ಪಕ್ಕ ಒಂದು, ವಾರ್ಡಿನ ಮಂಚಗಳಂತೆ ಇಡಿಸಲು ಮತ್ತೆ ದಾರ ಕಟ್ಟಿದ್ದೆ. ನೀಲವ್ವ ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿಗಿಳಿದು, ದಾರವನ್ನು ಕಿತ್ತು ಸುತ್ತಿ ನನ್ನ ಕೈಗೆ ಕೊಟ್ಟಳು.

“ಸಾಲು ಹಿಡದ್ರ ನನ್ನ ಕೊಳಿ ನಿನ್ನ ಕಲ್ಲಿಗೆ ಬರ್ತೈತಿ. ಹೊಳಿ ಹೆಂಗ ಹರಿತೈತಿ, ಹಂಗ ಇಡಬೇಕು.”

ಇಟ್ಟು ತೋರಿಸಿದಳು. ಒಂದು ಕಲ್ಲು ದಂಡೆಗೆ, ಮುಂದಿನದು ಒಂದು ಮಾರು ಒಳಗೆ, ಅದರ ಮುಂದಿನದು ಇನ್ನೂ ಒಳಗೆ, ಓರೆಯಾಗಿ. ಒಬ್ಬಳು ಜಾಲಿಸಿದ ನೀರು ಇನ್ನೊಬ್ಬಳ ಕಲ್ಲನ್ನು ಮುಟ್ಟದೆ ಬದಿಯಿಂದ ಸಾಗಿಹೋಯಿತು. ಆಗ ನನಗೆ ಇನ್ನೂ ಹಳೆಯದೊಂದು ಕಣ್ಣಿಗೆ ಬಂತು. ಚಿಕ್ಕಂದಿನಲ್ಲಿ ಗದ್ದಲವೆಂದು ಕಂಡದ್ದು ಗದ್ದಲವಾಗಿರಲಿಲ್ಲ. ಎಲ್ಲಕ್ಕಿಂತ ಮೇಲ್ಗಡೆ ಕೊಡ ತುಂಬುವವರು, ಅವರ ಕೆಳಗೆ ಮೀಯುವವರು, ಅದರ ಕೆಳಗೆ ಬಟ್ಟೆ, ಕಟ್ಟಕಡೆಗೆ ಎಮ್ಮೆ. ಬೋರ್ಡಿಲ್ಲದೆ, ಮೇಟ್ರನ್ ಇಲ್ಲದೆ, ಎಷ್ಟೋ ತಲೆಮಾರಿನಿಂದ ಯಾರೂ ತಪ್ಪದ ವ್ಯವಸ್ಥೆ. ಶಿಸ್ತಿನವಳೆಂದು ಹೆಸರಾದ ನನಗೆ ಅದು ಅರ್ಥವಾಗಲು ಎಪ್ಪತ್ತು ವರ್ಷ ಹಿಡಿಯಿತು.

ಹೆಂಗಸರು ಮಾತ್ರ ಕೂಡಲೇ ಬರಲಿಲ್ಲ. ನೀಲವ್ವ ಒಬ್ಬಳೇ ಎರಡು ದಿನ ಬಂದು, ಮೂರನೆಯ ದಿನ ನನ್ನ ಬಾಗಿಲಿಗೆ ಬಂದಳು. ಒಬ್ಬಳೇ ಒಗೆದರೆ ಅದು ದುಡಿಮೆ, ಜೊತೆ ಬೇಕು ಎಂದಳು. ನನ್ನ ಮನೆಯಲ್ಲಿ ಮಷಿನ್ ಇದೆ ಎಂದೆ. ಮಷಿನ್ ನಿನ್ನ ಜೊತೆ ಮಾತಾಡುತ್ತದೇನು ಎಂದು ಕೇಳಿದಳು. ಬಕೀಟು ತೆಗೆದುಕೊಂಡು ಹೊರಟೆ. ಸಿಸ್ಟರಮ್ಮನೇ ಕಲ್ಲಿನ ಮೇಲೆ ಸೀರೆ ಬಡಿಯುತ್ತಿದ್ದಾಳೆ, ಅದೂ ವಾರೆ ಕೈಯಲ್ಲಿ, ಎಂಬ ಸುದ್ದಿ ಹೊಳೆಯ ಎರಡೂ ದಂಡೆಗೆ ಹರಡಿತು. ಮೊದಲು ನೋಡಲು ಬಂದರು, ಆಮೇಲೆ ಕಲಿಸಲು, ಆಮೇಲೆ ತಮ್ಮ ಗಂಟು ತಂದರು. ಯುಗಾದಿ ಬಂದು ಹೋಯಿತು. ಬಸಣ್ಣ ಹಾವೇರಿಯ ಮಾತೆತ್ತಲಿಲ್ಲ. ಎರಡನೆಯ ಪಾತ್ರೆ ಹಾಲು ಒಲೆಗೇರಿತು. ದೂರದಿಂದ ಬರುವವರೂ ಬರುತ್ತಾರೆ. ಬಣ್ಣಬಣ್ಣದ ಸೀರೆಗಳು ಮೆಟ್ಟಿಲ ಮೇಲೆ ಹರವಿರುವುದನ್ನೇ ಫೋಟೋ ಹೊಡೆಯುತ್ತಾರೆ. ಆ ಫೋಟೋ ಈಗ ಅಧ್ಯಕ್ಷರ ಕೋಣೆಯ ಗೋಡೆಯಲ್ಲಿದೆ.

ಇವತ್ತು ಗುರುವಾರ. ಬೀರುವಿನ ಮುಂದೆ ನಿಂತು ಹೊತ್ತು ಕಳೆದದ್ದರಿಂದ ಹೊಳೆಗೆ ಹತ್ತು ನಿಮಿಷ ತಡವಾಗಿ ಇಳಿದೆ. ಯಾರೂ ಕೇಳಲಿಲ್ಲ. ಒಗೆದು, ಮೆಟ್ಟಿಲ ಮೇಲೆ ಸೀರೆ ಹರವಿ, ನೀಲವ್ವನೊಡನೆ ಪೇಟೆಗೆ ಹತ್ತಿದೆ. ಅವಳು ಮೊಮ್ಮಗಳಿಗೆ ಬಳೆ ನೋಡಿದಳು, ತೆಗೆದುಕೊಳ್ಳಲಿಲ್ಲ. ನಾನು ಬೇಡವಾಗಿದ್ದ ಒಂದು ಸ್ಟೀಲ್ ಡಬ್ಬಿ ಕೊಂಡೆ. ಬಸಣ್ಣನ ಬೆಂಚಿನಲ್ಲಿ ಕುಳಿತು ಎರಡು ಚಹಾ ಕುಡಿದೆವು. ಯಾರದೋ ಸೊಸೆ, ಯಾರದೋ ಮಂಡಿನೋವು, ಮಾತು ಸಾಗಿಯೇ ಇತ್ತು. ನಡುವೆ, ಹೋಗಿ ಒಣಗಿದೆಯೋ ನೋಡಿ ಬಾ ಎಂದು ನೀಲವ್ವ ನನ್ನನ್ನು ಅಟ್ಟಿದಳು.

ಇಳಿದು ಹೋಗಿ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದೆ. ಗರಿಗರಿಯಾಗಿ ಒಣಗಿತ್ತು. ಅವಳದೂ ಒಣಗಿತ್ತು. ಮೇಲೆ ಅಂಗಡಿಯಿಂದ ಅವಳು ಕತ್ತು ಚಾಚಿ ನೋಡುತ್ತಿದ್ದಳು.

“ಇನ್ನೂ ಹಸಿ ಐತಿ,” ಎಂದೆ. ಬೆಂಚಿನಲ್ಲಿ ನನ್ನ ಜಾಗ ಇನ್ನೂ ಬೆಚ್ಚಗಿತ್ತು. ಬಸಣ್ಣ ಕೇಳದೆಯೇ ಮೂರನೆಯ ಚಹಾಕ್ಕೆ ನೀರಿಟ್ಟ.