ಕೆಂಪು ಚಿಂದಿಯ ಬಾಟಲಿ

ಇಡೀ ಅಫಜಲಪುರ ತಾಲ್ಲೂಕಿನ್ಯಾಗ ನನ್ನಷ್ಟು ಇಂಗ್ಲಿಷ್ ಬಲ್ಲವರು ಯಾರೂ ಇಲ್ಲ. ಸುಳ್ಳರಿ, ನನಗ ಬರೇ ದೊಡ್ಡ ಅಕ್ಷರ ಓದಾಕ ಬರ್ತದ.

ಔಷಧಿ ಹೊಡಿಯೋ ಪಂಪು ರಿಪೇರಿ ಮಾಡಾಕ ಕರಜಗಿಗೆ ಹೋಗಿದ್ದೆ. ಅಲ್ಲಿನ ರೈತ ಮೆಹಬೂಬನ ತೊಗರಿ ಹೂವಿಗೆ ಹುಳ ಬಿದ್ದಿತ್ತು. ಅವ ಎರಡು ಬಾಟಲಿ ತಂದು, "ಒಂದು ಹುಳದ್ದು, ಇನ್ನೊಂದು ಕಬ್ಬಿನ್ಯಾಗಿನ ಕಸ ಸುಡೋದು. ಯಾವುದು ಯಾವುದಂತ ಓದಿ ಹೇಳ್ರಿ" ಅಂದ. ಬಾಟಲಿ ಚೀಟಿ ಮ್ಯಾಲಿನ ಇಂಗ್ಲಿಷ್ ಅಕ್ಷರ ಇರುವೆಗಿಂತ ಸಣ್ಣ. ಬರಲ್ಲ ಅಂದ್ರ ಮರ್ಯಾದಿ ಹೋಗ್ತದಂತ ಜೋರಾಗಿ ಕೆಮ್ಮಿ, ಎಡಗಡಿದು ಹುಳದ್ದು ಅಂತ ತೋರಿಸಿದೆ.

ಅವನ ಹೆಂಡತಿ ಹಸೀನಾ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಎರಡೂ ಬಾಟಲಿ ತಿರುವಿ ನೋಡಿದಳು.

"ಅಣ್ಣಾರ, ಇದರ ಮ್ಯಾಲ ಹುಲ್ಲಿನ ಚಿತ್ರ ಅದ, ಹುಳದ ಚಿತ್ರ ಆ ಬಾಟಲಿ ಮ್ಯಾಲ ಅದ. ನೀವು ಹೇಳಿದ್ದು ಹೊಡೆದಿದ್ರ ತೊಗರಿ ಅಷ್ಟೂ ಸುಟ್ಟು ಹೋಗ್ತಿತ್ತಲ್ರಿ!"

"ನಿನ್ನ ಪರೀಕ್ಷಾ ಮಾಡಿದೆ, ತಂಗಿ."

"ಹಂಗಾದ್ರ ಎಷ್ಟು ಮಾರ್ಕ್ಸ್ ಕೊಡ್ತೀರಿ?"

ನೂರಕ್ಕ ನೂರು ಕೊಟ್ಟೆ. ಆಕಿ ಹುಲ್ಲಿನ ಬಾಟಲಿ ಕೊರಳಿಗೆ ಕೆಂಪು ಚಿಂದಿ ಕಟ್ಟಿದಳು, ಇನ್ನ ಮುಂದ ಯಾರೂ ಓದಿ ಹೇಳಾಕ ಬರಬಾರದಂತ.

ಈ ಹೋಟೆಲಿನ ಬೋರ್ಡಿನ ಅಕ್ಷರಾನೂ ಭಾಳ ಸಣ್ಣ ಅದಾವ್ರಿ. ನನ್ನ ಚಹಾದ ರೇಟು ನೀವೇ ಓದಿ, ನೀವೇ ಕೊಟ್ಟುಬಿಡ್ರಿ.