ಮೊಣಕೈವರೆಗೂ ಸೋಪು

ಅಕ್ಕನ ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತಿದ್ದವು, ಆಗಷ್ಟೇ ಬಟ್ಟೆ ಒಗೆದು ಎದ್ದುಬಂದವರ ಹಾಗೆ. ಬೆಳಿಗ್ಗೆ ಕಾರ್ಖಾನೆ ಗೇಟಿನಲ್ಲೇ ಸಡಿಲವಾದ ಹಸಿರು ಬಳೆಗಳನ್ನು ಬಿಚ್ಚಿ ಚೀಲಕ್ಕೆ ಹಾಕುವರು. ಸಂಜೆ ಚಾಮರಾಜಪುರಂಗೆ ಹೋಗುವ ಬಸ್ಸಿನಲ್ಲಿ ಕೂತು ಒಂದೊಂದಾಗಿ ಏರಿಸಿಕೊಳ್ಳುವರು.

ಕಡಕೊಳದ ಆ ಲೆನ್ಸ್ ಕಾರ್ಖಾನೆಯ ಪಾಲಿಶ್ ವಿಭಾಗ ಅವರ ಕೈಯಲ್ಲಿತ್ತು, ಅಲ್ಲಿ ದುಡಿಯುವ ನಮಗೆಲ್ಲ ಅವರು ಅಕ್ಕ. ನಾವು ಉಜ್ಜುತ್ತಿದ್ದುದು ಕರಿಗಾಜು. ಕಣ್ಣಿಗೆ ಹಿಡಿದರೆ ಏನೂ ಕಾಣದು, ಇದ್ದಿಲ ಬಿಲ್ಲೆ ಅಷ್ಟೆ. ಶಾಖ ನೋಡುವ ಕ್ಯಾಮರಾಕ್ಕೆ ಮಾತ್ರ ಅದೇ ಕಿಟಕಿ. ಮೆತ್ತನೆಯ ಗಾಜು, ಬಳೆ ತಾಗಿದರೂ ಗೀರು. ಅದರಲ್ಲಿ ಆರ್ಸೆನಿಕ್ ಬೆರೆತಿರುತ್ತದೆ. "ಪಾಷಾಣದ ಗಾಜು ಕಣ್ರಮ್ಮ, ಮೊಣಕೈವರೆಗೂ ಸೋಪು ಹಾಕಿ ತೊಳ್ಕೊಂಡು ಊಟಕ್ಕೆ ಕೂತ್ಕೊಳ್ಳಿ" ಎಂದು ಅಕ್ಕ ದಿನಾ ಹೇಳುವರು.

ನಾನೋ, ನೀರಿಗೆ ಬೆರಳು ತೋರಿಸಿ ಬಂದು ಡಬ್ಬಿ ಬಿಚ್ಚುವವಳು. "ಏನಮ್ಮ, ನಲ್ಲಿಗೆ ನಮಸ್ಕಾರ ಹಾಕಿ ಬಂದ್ಬುಟ್ಯಾ?" ಎಂದು ವಾಪಸ್ ಅಟ್ಟುವರು. ಬೈದ ಮೇಲೆ ಅವರ ಡಬ್ಬಿಯ ಗೊಜ್ಜು ನನ್ನ ತಟ್ಟೆಗೆ ಬೀಳುತ್ತಿತ್ತು. ಹಾಗಾಗಿ ಬೈಸಿಕೊಳ್ಳುವುದರಿಂದ ನನಗೇನೂ ನಷ್ಟವಿರಲಿಲ್ಲ.

ಬಸುರಾದಾಗ ಅಲ್ಲಿ ಯಾರಿಗೂ ಹೇಳಲಿಲ್ಲ. ನನ್ನದು ಗುತ್ತಿಗೆ ಕೆಲಸ. ಹಿಂದೆ ಹೀಗೇ ಬಾಯಿಬಿಟ್ಟವಳನ್ನು ಹೆರಿಗೆ ಆದ ಮೇಲೆ ಬಾ ಎಂದು ಕಳಿಸಿದ ಮ್ಯಾನೇಜರು ಮತ್ತೆ ಕರೆದಿರಲಿಲ್ಲ. ಕೆಲಸ ಬಿಟ್ಟರೆ ಮನೆ ನಡೆಯದು, ಬಿಡದಿದ್ದರೆ ಆ ಪಾಷಾಣದ ನೀರಿನಲ್ಲೇ ಕೈ. ಮಗುವಿಗೆ ಏನಾದರೂ ಆದೀತೆಂಬ ಭಯಕ್ಕೆ ಗೊಜ್ಜೂ ಸೇರದಾಯಿತು.

ಒಂದು ಬೆಳಿಗ್ಗೆ ಅಕ್ಕ ಎಲ್ಲರೂ ಕೇಳುವಂತೆ ಮ್ಯಾನೇಜರಿಗೆ ಹೇಳಿದರು. "ಸಾರ್, ಇವಳ ಕೈ ಬಲು ಒರಟು. ಪಾಲಿಶ್‌ಗೆ ಆಗಲ್ಲ. ಟೆಸ್ಟಿಂಗ್ ರೂಮಿಗೆ ಹಾಕ್ಬುಡಿ, ಅಲ್ಲಿ ಬರೀ ನೋಡೋ ಕೆಲ್ಸ."

ಮೈಯೆಲ್ಲ ಉರಿದುಹೋಯಿತು. ಗೀರಿಲ್ಲದ ಲೆನ್ಸ್ ಕೊಡುವವಳು ಎಂಬ ಜಂಬ ನನ್ನದು. ಗೊಜ್ಜು ಬಡಿಸಿದ್ದು ಇದಕ್ಕೇನಾ ಅಂದುಕೊಂಡು, ಮುಖ ಊದಿಸಿಕೊಂಡು ಹೋಗಿ ಟೆಸ್ಟಿಂಗ್ ರೂಮಿನಲ್ಲಿ ಕೂತೆ.

ಮಧ್ಯಾಹ್ನ ಅಕ್ಕ ಬಂದು ಬಾಗಿಲು ಮುಂದೆ ಮಾಡಿದರು. "ಕೋಪಾನಾ? ಇರ್ಲಿ ಬುಡು." ಆಮೇಲೆ ದನಿ ತಗ್ಗಿಸಿದರು. "ಈಚೆಗೆ ಯಾರೂ ಹೇಳ್ದೇನೇ ಮೊಣಕೈವರೆಗೂ ಸೋಪು ಹಚ್ತಿದ್ದೀಯ. ನಿನ್ನಂಥ ಸೋಮಾರಿ ತನಗೋಸ್ಕರ ಅಷ್ಟು ತೊಳ್ಕೊಳ್ಳಲ್ಲ ಕಣಮ್ಮ. ಎಷ್ಟು ತಿಂಗಳು?"

ನಾನು ಅತ್ತುಬಿಟ್ಟೆ. ಅವರು ಮೇಜಿಗೆ ಕೈಯೂರಿ, ನನ್ನ ಅಳು ನಿಲ್ಲುವವರೆಗೂ ನಿಂತಿದ್ದರು. "ಮ್ಯಾನೇಜರಿಗೆ ಗೊತ್ತಾಗೋ ಹೊತ್ತಿಗೆ ಈ ಕೆಲ್ಸ ನೀನು ಕಲ್ತಿರ್ತೀಯ. ಆಮೇಲೆ ನಾನು ಮಾತಾಡ್ತೀನಿ" ಎಂದು ಹೊರಟರು. ಪರೀಕ್ಷೆಗಿಟ್ಟ ಕ್ಯಾಮರಾ ಮೇಜಿನತ್ತ ತಿರುಗಿತ್ತು. ಅವರು ಹೋದ ಮೇಲೂ ಅವರ ಅಂಗೈಯ ಶಾಖ ಐದು ಬೆರಳಿನ ಸಮೇತ ಪರದೆಯ ಮೇಲೆ ಬೆಳ್ಳಗೆ ಉಳಿದಿತ್ತು. ಅದು ಮಾಸುವವರೆಗೂ ನೋಡುತ್ತಾ ಕೂತೆ.

ಹೇಳಿದಂತೆ ಮಾತಾಡಿದರು ಕೂಡ. ರಜೆ ಮುಗಿಸಿ ಅದೇ ಕುರ್ಚಿಗೆ ವಾಪಸಾದೆ, ಇವತ್ತಿಗೂ ಅಲ್ಲೇ ಇದ್ದೇನೆ. ಅಕ್ಕ ನಿವೃತ್ತರಾಗಿ, ದಿನಾ ಬಳೆ ಬಿಚ್ಚುವ ಗೋಜಿಲ್ಲದೆ ಆರಾಮಾಗಿದ್ದಾರೆ. ಅವರ ಋಣ ತೀರಿಸುತ್ತೇನೆಂದು ನಾನು ಸುಳ್ಳು ಹೇಳುವುದಿಲ್ಲ.

ನಾನಿನ್ನೂ ರಜೆಯಲ್ಲಿದ್ದಾಗ ಮಗಳ ನಾಮಕರಣಕ್ಕೆ ಅವರು ಬಂದಿದ್ದರು. ಭಾನುವಾರ, ಕೈತುಂಬ ಬಳೆ, ಕಾರ್ಖಾನೆಯ ಧೂಳಿನ ಮಾತೇ ಇಲ್ಲ. ಮಗುವನ್ನು ಮಡಿಲಿಗೆ ಹಾಕಲು ಹೋದೆ. "ತಡಿಯಮ್ಮ" ಎಂದವರೇ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ಬಚ್ಚಲಿಗೆ ನಡೆದರು. ಇಷ್ಟೊಂದು ಮಡಿಯೇ ಎಂದು ನಮ್ಮತ್ತೆ ಬೆರಗಾದರು. ಅಕ್ಕ ಮೊಣಕೈವರೆಗೂ ನೊರೆ ಬರಿಸಿ ತೊಳೆದು, ಒರೆಸಿಕೊಂಡು ಬಂದು, ಎರಡೂ ಕೈ ಚಾಚಿದರು.

"ಈಗ ಕೊಡು."