ಒಂಬತ್ತು ನಲ್ಲಿ, ಹತ್ತನೆಯ ಕವಲು

ಬೆಳಗಿನ ಐದೂ ಮುಕ್ಕಾಲು. ಜೆಟ್ಟಿಗೆ ಕಟ್ಟಿದ ವಿಹಾರ ದೋಣಿಯೊಂದರ ಪುಟ್ಟ ಅಡುಗೆಮನೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ನಲ್ಲಿಯ ಕೆಳಗೆ ಬಿಳಿ ಪಿಂಗಾಣಿ ಬಟ್ಟಲು ಹಿಡಿದಿದ್ದಾರೆ. ಅರ್ಧ ತುಂಬುತ್ತಲೇ ನಲ್ಲಿ ನಿಲ್ಲಿಸುತ್ತಾರೆ. ಮೊದಲು ಬಣ್ಣ ನೋಡುತ್ತಾರೆ. ಆಮೇಲೆ ಅಂಗೈಯಿಂದ ಮುಚ್ಚಿ ಅಲುಗಿಸಿ, ಕೈ ಸರಿಸಿ ಮೂಸುತ್ತಾರೆ. ಹುಬ್ಬು ಗಂಟಿಕ್ಕುತ್ತದೆ. ಒಂದು ನಿಮಿಷ ನೀರು ಹರಿಯಬಿಟ್ಟು ಮತ್ತೆ ಹಿಡಿಯುತ್ತಾರೆ. ಈ ಸಲ ವಾಸನೆ ಇಲ್ಲ.

"ಎರಡನೇ ಬಟ್ಟಲು ಯಾವ ದೋಣೀಲಾದ್ರೂ ಚೆನ್ನಾಗೇ ಇರುತ್ತೆ," ಎನ್ನುತ್ತಾರೆ. "ಸುಳ್ಳು ಹೇಳದೇ ಇರೋದು ಮೊದಲನೇದು. ರಾತ್ರಿಯೆಲ್ಲ ಪೈಪಲ್ಲಿ ಮಲಗಿದ್ದ ನೀರು ಅದು."

ಈ ಜೆಟ್ಟಿಯಲ್ಲಿ ಮೂವತ್ತೇಳು ವಿಹಾರ ದೋಣಿಗಳಿವೆ. ಅವುಗಳಲ್ಲಿ ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬೇಕಾದ ನೀರಿನ ಟ್ಯಾಂಕು, ಪಂಪು, ಗೀಸರು, ಪೈಪುಗಳೆಲ್ಲವೂ ಹದಿನಾಲ್ಕು ವರ್ಷಗಳಿಂದ ಇವರ ಹೊಣೆ. ದೋಣಿಯವರ ಬಾಯಲ್ಲಿ ಇವರು ಟ್ಯಾಂಕಿ ಅಕ್ಕ. ಪ್ರವಾಸ ಮುಗಿಸಿ ಇಳಿಯುವವರು ಎಂಜಿನನ್ನು ಹೊಗಳುತ್ತಾರೆ, ಮೆತ್ತೆಗಳನ್ನು ಹೊಗಳುತ್ತಾರೆ. ನೀರನ್ನು ಹೊಗಳಿದವರನ್ನು ಅಕ್ಕ ಈವರೆಗೆ ಕಂಡಿಲ್ಲ.

ಇದೇ ಜೆಟ್ಟಿಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿರುವ ಅವರ ಗಂಡನ ಜೊತೆ ಫೋಟೊ ತೆಗೆಸಿಕೊಳ್ಳುವವರೂ ಇದ್ದಾರೆ. ಅದಕ್ಕೆ ಅಕ್ಕನಿಗೆ ಹೊಟ್ಟೆಕಿಚ್ಚಿಲ್ಲ. ಎಂಜಿನ್ ಸದ್ದು ಮಾಡಿದರೆ ಜನಕ್ಕೆ ಸಮಾಧಾನ, ನಲ್ಲಿ ಮುಚ್ಚಿದ್ದಾಗಲೂ ಪಂಪು ಸದ್ದು ಮಾಡಿದರೆ ಎಲ್ಲೋ ಸೋರಿಕೆ ಎಂದರ್ಥ ಎಂದು ನಗುತ್ತಾರೆ. ಗಂಡ ಇನ್ನೂ ನೇರ: "ಎಂಜಿನ್ ಕೆಟ್ರೆ ದೋಣೀನ ಎಳ್ಕೊಂಡು ಬರಬಹುದು. ನೀರು ಕೆಟ್ರೆ ಜನಾನ ಎಳ್ಕೊಂಡು ಬರಬೇಕು. ಅವಳ ಕೆಲಸ ನನಗೆ ಬೇಡಪ್ಪ."

ಅಕ್ಕ ಇಲ್ಲಿಗೆ ಬಂದದ್ದು ಹಾಸಿಗೆ ಬಟ್ಟೆ ಬದಲಿಸುವ ಕೆಲಸಕ್ಕೆ. ಆಗ ಟ್ಯಾಂಕು ತೊಳೆಯುವುದು ಯಾರ ಪಾಲಿನ ಕೆಲಸವೂ ಆಗಿರಲಿಲ್ಲ. ಒಂದು ದಿನ ಮಂಚದ ಹಲಗೆ ಎತ್ತಿದಾಗ ಕೆಳಗಿದ್ದ ಟ್ಯಾಂಕಿನ ಮುಚ್ಚಳ ಸಡಿಲವಾಗಿತ್ತು. ಕೈ ಹಾಕಿ ನೋಡಿದರೆ ಒಳಗೋಡೆ ಪಾಚಿಗಟ್ಟಿ ಜಾರುತ್ತಿತ್ತು. ಅದೇ ನೀರಿನಲ್ಲಿ ಮಾಡಿದ ಕಾಫಿಯನ್ನು ಬೆಳಿಗ್ಗೆ ಆರು ಮಂದಿಗೆ ತಾವೇ ಕೊಟ್ಟಿದ್ದರು. ಅಂದು ಸಂಜೆಯೇ ದಡದ ಹಳೆಯ ಪ್ಲಂಬರೊಬ್ಬರ ಬೆನ್ನು ಹತ್ತಿದರು. ಕೆಲಸ ಕಲಿಯಲು ಒಂದು ವರ್ಷ ಹಿಡಿಯಿತು. ಹೆಂಗಸಿನ ಕೈಗೆ ಸ್ಪ್ಯಾನರ್ ಕೊಡಲು ದೋಣಿ ಮಾಲೀಕರು ಇನ್ನೂ ಎರಡು ವರ್ಷ ತೆಗೆದುಕೊಂಡರು.

ಈಗ ಪ್ರತಿ ದೋಣಿಗೂ ವರ್ಷಕ್ಕೆ ಎರಡು ಬಾರಿ ಪೂರ್ತಿ ಶುದ್ಧಿ. ಗೀಸರ್ ಆರಿಸಿ, ಫಿಲ್ಟರ್ ಬಿಚ್ಚಿ, ಟ್ಯಾಂಕು ಖಾಲಿ ಮಾಡಿ, ಅಂಗೈಯಗಲದ ಬಾಯಿಯಲ್ಲಿ ಭುಜದವರೆಗೆ ತೋಳು ತೂರಿಸಿ ಉಜ್ಜುತ್ತಾರೆ. ಬಳಿಕ ಹೊಸ ನೀರು ತುಂಬಿ, ಲೀಟರಿಗೆ ಒಂದು ಮಿಲಿಲೀಟರಿನಂತೆ ಕ್ಲೋರಿನ್ ದ್ರಾವಣ ಬೆರೆಸಿ, ಪ್ರತಿ ನಲ್ಲಿಯಲ್ಲೂ ಅದರ ವಾಸನೆ ಬರುವವರೆಗೆ ಹರಿಸಿ ಹನ್ನೆರಡು ಗಂಟೆ ಬಿಡಬೇಕು. ಆಮೇಲೆ ಮೂರು ಸಲ ಜಾಲಾಡಬೇಕು. ಟ್ಯಾಂಕಿನ ಗಾಳಿ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಆಗ ತಂತಿ ಹಿಡಿದು ಮನೆ ಖಾಲಿ ಮಾಡಿಸಬೇಕು. "ನೋಟಿಸ್ ಕೊಡದೆ," ಎನ್ನುತ್ತಾರೆ ಅಕ್ಕ. ಬೆರಳ ತುದಿಗಳು ಕ್ಲೋರಿನ್ನಿಗೆ ಬಿರಿದಿವೆ. ಬಲ ಭುಜ ನೋಯುವ ದಿನ ಎಡಗೈಯಲ್ಲಿ ಉಜ್ಜುತ್ತಾರೆ.

ಹದಿನಾಲ್ಕು ವರ್ಷಗಳಲ್ಲಿ ಅವರ ನೀರಿನ ಮೇಲೆ ಬಂದ ದೂರು ಒಂದೇ. ಅದು ಕಳೆದ ತಿಂಗಳದ್ದು, ಈ ದೋಣಿಯದ್ದೇ.

ನಿವೃತ್ತ ಶಾಲಾ ಮಾಸ್ತರರೊಬ್ಬರು ಇದನ್ನು ಬೇರೆ ಊರಿನವರಿಂದ ಆಗಷ್ಟೇ ಕೊಂಡು ಇಲ್ಲಿಗೆ ತಂದಿದ್ದರು. ಅಕ್ಕ ಪೂರ್ತಿ ಶುದ್ಧಿ ಮಾಡಿ, ಅಂದೇ ಒಂಬತ್ತೂ ನಲ್ಲಿ ಪರೀಕ್ಷಿಸಿ ನೀರು ಸರಿಯಿದೆ ಎಂದ ಮೇಲೆ, ಮಾಸ್ತರರು ತಮ್ಮ ಒಡಹುಟ್ಟಿದ ಅಕ್ಕನನ್ನೂ ಇಬ್ಬರು ಮೊಮ್ಮಕ್ಕಳನ್ನೂ ಮೂರು ದಿನದ ವಿಹಾರಕ್ಕೆ ಕರೆದೊಯ್ದರು. ಮರಳುವಾಗ ಮಾಸ್ತರರ ಅಕ್ಕನಿಗೂ ಒಬ್ಬ ಮೊಮ್ಮಗಳಿಗೂ ವಾಂತಿಭೇದಿ. ನೀರೇ ಕಾರಣವೆಂದು ವೈದ್ಯರು ಹೇಳಲಿಲ್ಲ. ಆ ಕುಟುಂಬ ದಡದ ಹೋಟೆಲಿನಲ್ಲೂ ಎರಡು ಹೊತ್ತು ಉಂಡಿತ್ತು. ಆದರೆ ಚೇತರಿಸಿಕೊಂಡ ಹಿರಿಯಾಕೆ, ಇನ್ನು ಟ್ಯಾಂಕಿಯವಳ ಮಾತು ನಂಬಿ ದೋಣಿ ಹತ್ತುವುದಿಲ್ಲ ಎಂದುಬಿಟ್ಟರು. ಮಾತು ಜೆಟ್ಟಿಯ ತುಂಬ ಹರಡಿತು. ಇಬ್ಬರು ಮಾಲೀಕರು ಬೇರೆಯವರನ್ನು ಹುಡುಕತೊಡಗಿದರು. ಹೋಟೆಲಿನ ಮೇಲೆ ಹಾಕಿ ಸುಮ್ಮನಿರು ಎಂದು ಗಂಡನೇ ಹೇಳಿದರಂತೆ. ಅಕ್ಕ ಕೇಳಲಿಲ್ಲ. ಮಾಸ್ತರರ ಮನೆಗೆ ಹೋಗಿ, ಇನ್ನೊಮ್ಮೆ ನೋಡಲು ದೋಣಿಯ ಕೀಲಿ ಬೇಡಿ ತಂದರು.

ಮತ್ತೆ ಪೂರ್ತಿ ಶುದ್ಧಿ ಮಾಡಿ ಎರಡು ದಿನವಾಗಿದೆ. ಆದರೂ ಅಡುಗೆಮನೆಯ ಮೊದಲ ಬಟ್ಟಲಿನಲ್ಲಿ ಇವತ್ತು ಕೆಸರಿನ ವಾಸನೆ. ಉಳಿದ ಎಂಟು ನಲ್ಲಿಗಳಲ್ಲಿ ಇಲ್ಲ. ಅಂದರೆ ಕೊಳಕು ಇರುವುದು ಟ್ಯಾಂಕಿನಲ್ಲಲ್ಲ, ಈ ನಲ್ಲಿಯ ಆಸುಪಾಸಿನಲ್ಲಿ.

ಅಕ್ಕ ಸಿಂಕಿನ ಕೆಳಗೆ ಅಂಗಾತ ಮಲಗಿ ಪೈಪಿನುದ್ದಕ್ಕೂ ಬೆರಳಾಡಿಸುತ್ತಾರೆ. ಬೀರುವಿನ ಹಿಂದೆ, ಕಣ್ಣಿಗೆ ಕಾಣದ ಕಡೆ ಬೆರಳು ನಿಲ್ಲುತ್ತದೆ. ಅಲ್ಲೊಂದು ಕವಲು. ಹಲಗೆಯ ಸ್ಕ್ರೂಗಳನ್ನು ಬಿಚ್ಚಿದಾಗ ಎರಡು ಮೀಟರ್ ಪೈಪು, ತುದಿಗೆ ಬಿಗಿದ ಬಿರಡೆ ಕಾಣುತ್ತವೆ. ಹಿಂದಿನ ಮಾಲೀಕರು ಅಲ್ಲಿ ಐಸ್ ಯಂತ್ರ ಇಟ್ಟಿದ್ದರೆಂದು ಆಮೇಲೆ ತಿಳಿಯುತ್ತದೆ. ಯಂತ್ರ ಹೋಯಿತು, ಪೈಪು ಉಳಿಯಿತು. ಅದರೊಳಗಿನ ನೀರಿಗೆ ಹರಿದುಹೋಗಲು ದಾರಿಯಿಲ್ಲ, ಕ್ಲೋರಿನ್ನಿಗೆ ಒಳಹೋಗಲೂ ಇಲ್ಲ; ರಾತ್ರಿಯಿಡೀ ಅದರ ಕೊಳಕು ಮಾತ್ರ ನಲ್ಲಿಯ ಪೈಪಿಗೆ ಜಿನುಗುತ್ತಿತ್ತು. ಕೊಯ್ದಾಗ ಬಕೆಟ್ಟಿಗೆ ಬಿದ್ದದ್ದು ಕಪ್ಪು ಲೋಳೆ.

ಅಕ್ಕ ಬಕೆಟ್ಟನ್ನು ಬೆಳಕಿಗೆ ಎಳೆಯುತ್ತಾರೆ. "ತಪ್ಪು ನಂದೇ. ನಲ್ಲಿ ಎಣಿಸಿದೆ, ಪೈಪ್ ಎಣಿಸಲಿಲ್ಲ."

ಕವಲನ್ನು ತೆಗೆದು ಪೈಪನ್ನು ನೇರವಾಗಿ ಜೋಡಿಸಿ, ಮೂರನೇ ಬಾರಿ ಎಲ್ಲವನ್ನೂ ಮೊದಲಿನಿಂದ ಮಾಡುತ್ತಾರೆ. ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ವರದಿ ಬರುವವರೆಗೆ ಅವರು ಸುಮ್ಮನೆ ಕೂರುವುದಿಲ್ಲ. ಉಳಿದ ಮೂವತ್ತಾರು ದೋಣಿಗಳಲ್ಲೂ ಹಲಗೆ ಬಿಚ್ಚಿ ಪೈಪು ಹುಡುಕುತ್ತಾರೆ. ಎರಡರಲ್ಲಿ ಇಂಥದೇ ಸತ್ತ ಕವಲು ಸಿಗುತ್ತದೆ. ಆ ಎರಡರಲ್ಲಿ ಒಂದು, ಬೇರೆಯವರನ್ನು ಹುಡುಕುತ್ತಿದ್ದ ಮಾಲೀಕರದ್ದು. ಅವರೀಗ ಹುಡುಕುವುದನ್ನು ಬಿಟ್ಟಿದ್ದಾರೆ.

ನಾಲ್ಕನೇ ದಿನ ವರದಿ ಬರುತ್ತದೆ: ನೀರು ಕುಡಿಯಲು ಯೋಗ್ಯ. ಮಾಸ್ತರರಿಗೆ ಅಷ್ಟು ಸಾಕು. ಅವರ ಅಕ್ಕನಿಗೆ ಸಾಲದು. ಭಾನುವಾರ ಬೆಳಿಗ್ಗೆ ತಮ್ಮನ ಕೈ ಹಿಡಿದು ದೋಣಿ ಹತ್ತಿದ ಎಪ್ಪತ್ತೆಂಟರ ಆಕೆ ವರದಿಯತ್ತ ತಿರುಗಿಯೂ ನೋಡದೆ, ಮಾಡಿದ್ದೇನು ಎಂದು ಟ್ಯಾಂಕಿ ಅಕ್ಕನ ಬಾಯಿಂದಲೇ ಕೇಳುತ್ತಾರೆ. ಅಕ್ಕ ಏನನ್ನೂ ಮುಚ್ಚಿಡದೆ, ಮೊದಲ ಸಲ ಪೈಪು ನೋಡದೇ ಬಿಟ್ಟದ್ದನ್ನೂ ಸೇರಿಸಿ ಹೇಳುತ್ತಾರೆ.

"ಒಪ್ಕೊಳ್ಳೋಕೆ ಒಂದು ತಿಂಗಳು ಬೇಕಾಯ್ತೇನಮ್ಮ?"

"ಒಪ್ಕೊಳ್ಳೋಕಲ್ಲ ಅಮ್ಮ. ಹುಡುಕೋಕೆ."

ಹಿರಿಯಾಕೆ ಅಡುಗೆಮನೆಗೆ ಹೋಗಿ ತಾವೇ ನಲ್ಲಿ ತಿರುಗಿಸಿ ಲೋಟ ತುಂಬಿಕೊಳ್ಳುತ್ತಾರೆ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ನುಂಗಿ, ಉಳಿದದ್ದನ್ನೂ ಕುಡಿಯುತ್ತಾರೆ. ಲೋಟ ಕೆಳಗಿಟ್ಟು, ಇದರಲ್ಲಿ ರುಚಿಯೂ ಇಲ್ಲ, ವಾಸನೆಯೂ ಇಲ್ಲ, ಇದಕ್ಕೇ ಇಷ್ಟೆಲ್ಲ ಪಾಡೇ ಎಂದು ಗೊಣಗುತ್ತಾರೆ. ಆಮೇಲೆ ಬ್ಯಾಗು ಒಳಗಿಡುವಂತೆ ತಮ್ಮನಿಗೆ ಹೇಳುತ್ತಾರೆ.

ದೋಣಿ ಹೊರಟ ಮೇಲೆ ಅಕ್ಕ ಜೆಟ್ಟಿಯ ಅಂಚಿನಲ್ಲಿ ಕೂತು, ಬಿರಿದ ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತಾರೆ. ಹಿರಿಯಾಕೆಯ ಗೊಣಗಾಟಕ್ಕೆ ಬೇಸರವಾಯಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಕುಡಿದೋರಿಗೆ ಏನೂ ಅನ್ನಿಸಬಾರದು. ನಾನು ಮಾಡೋದೇ ಅದನ್ನ."